ಜರ್ನಲ್ ಪಟ್ಟಿ ಹಾಕಿದ್ದಕ್ಕೆ ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಗಿರೀಶ: (ಫಾರ್ವರ್ಡ್) ವೈದ್ಯಕೀಯ ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿ. ಮೇಲಿರುವುದೆಲ್ಲ ಇಂಗ್ಲಿಷಿನವೇ. ಒಳ್ಳೆ ಸಂಶೋಧನೆ ಎಲ್ಲಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಸುಧಾ: ಆ ಸಂಖ್ಯೆ ಹೇಗೆ ಬರುತ್ತದೆ ನೋಡು ಗಿರೀಶ. ಹಿಂದಿನ ಎರಡು ವರ್ಷದಲ್ಲಿ ಒಂದು ಜರ್ನಲ್ 200 ಲೇಖನ ಹಾಕಿತು, ಈ ವರ್ಷ ಅವಕ್ಕೆ 600 ಸೈಟೇಶನ್ (ಬೇರೆ ಲೇಖನಗಳಲ್ಲಿ ಉಲ್ಲೇಖ) ಬಂತು ಅಂದುಕೋ. 600ನ್ನು 200ರಿಂದ ಭಾಗಿಸಿದರೆ ಫ್ಯಾಕ್ಟರ್ 3. ಆದರೆ ಆ 600 ಎಣಿಸುವುದು ವೆಬ್ ಆಫ್ ಸೈನ್ಸ್ ಅನ್ನುವ ಲೇಖನಗಳ ಸೂಚಿ ಸೇರಿಸಿಕೊಂಡ ಜರ್ನಲ್‌ಗಳಲ್ಲಿ ಮಾತ್ರ. ಅಲ್ಲಿ ಇಂಗ್ಲಿಷಿನವೇ ಜಾಸ್ತಿ. ಹೊರಗಿರುವ ಪೋರ್ಚುಗೀಸ್ ಜರ್ನಲ್‌ನಲ್ಲಿ ಎಷ್ಟು ಸೈಟೇಶನ್ ಬಂದರೂ ಲೆಕ್ಕಕ್ಕಿಲ್ಲ.

ಗಿರೀಶ: ಓದುಗರು ಇರುವುದೇ ಇಂಗ್ಲಿಷಿನಲ್ಲಿ ಅಲ್ವಾ? ಜರ್ಮನಿಯ ವೈದ್ಯಕೀಯ ಜರ್ನಲ್ ಕ್ಲಿನಿಷೆ ವೊಖೆನ್‌ಶ್ರಿಫ್ಟ್ 1992ರಲ್ಲಿ ಇಂಗ್ಲಿಷ್ ಹೆಸರು ಇಟ್ಟುಕೊಂಡಿತು. ಸುಮ್ನೆ ಬದಲಿಸುತ್ತಾರಾ?

ನಾಗರತ್ನ: ಕ್ಷಯದ ರೋಗಾಣುವಿನ ಬಗ್ಗೆ 1882ರಲ್ಲಿ ಅದನ್ನು ಕಂಡುಹಿಡಿದ ರಾಬರ್ಟ್ ಕಾಕ್ ಬರೆದದ್ದು ಜರ್ಮನ್‌ನಲ್ಲೇ ಕಣೋ.

ಸುಧಾ: ಹತ್ತಿರದ್ದೇ ಹೇಳುತ್ತೇನೆ. ಹಂದಿಗಳಲ್ಲಿ ಎಚ್5ಎನ್1 ಹಕ್ಕಿಜ್ವರದ ವೈರಸ್ ಸಿಕ್ಕಿದೆ ಅಂತ ಚೀನಾದ ಸಂಶೋಧಕರು ಚೀನೀ ಭಾಷೆಯ ಜರ್ನಲ್‌ನಲ್ಲಿ ಬರೆದಿದ್ದರು. ಹೊರಗಿನವರ ಗಮನಕ್ಕೆ ಬಂದದ್ದು ತಡವಾಗಿ, 2004ರ ಆಗಸ್ಟ್‌ನಲ್ಲಿ. ಹಂದಿಯ ಮೈಯಲ್ಲಿ ಹಕ್ಕಿಯ ವೈರಸ್ಸೂ ಮನುಷ್ಯರ ಫ್ಲೂ ವೈರಸ್ಸೂ ಬೆರೆತು ಹೊಸದೊಂದು ಹುಟ್ಟಬಹುದು. ಎಷ್ಟು ದೊಡ್ಡ ವಿಷಯ! ಆ ಲೇಖನ ಕಳಪೆಯಾಗಿತ್ತಾ? ಓದಬೇಕಾದವರು ಓದಲಿಲ್ಲ, ಅಷ್ಟೇ.

ಗಿರೀಶ: ಹಾಗಾದರೆ ಗೆದ್ದದ್ದು ನನ್ನ ಮಾತೇ. ಇಂಗ್ಲಿಷಿನಲ್ಲಿ ಬರೆದಿದ್ದರೆ ಬೇಗ ಗೊತ್ತಾಗುತ್ತಿತ್ತು.

ಸುಧಾ: ಗೊತ್ತಾಗುತ್ತಿತ್ತು, ಒಪ್ಪಿದೆ. ಇಂಗ್ಲಿಷಿಗೆ ಓದುಗರು ಜಾಸ್ತಿ ಅನ್ನು, ನನ್ನ ತಕರಾರಿಲ್ಲ. ಆದರೆ ನೀನು ಹಾಕಿದ್ದು "ಒಳ್ಳೆ ಸಂಶೋಧನೆ" ಅಂತ. ಅದು ಬೇರೆ ಮಾತು. ಅಲ್ಲಿನ ಹಂದಿ ಸಾಕುವವರ ಪಶುವೈದ್ಯರಿಗೆ ಆ ಸುದ್ದಿ ಚೀನೀ ಭಾಷೆಯಲ್ಲೇ ಬೇಕಿತ್ತು. ಅವರು ಓದಿ ಎಚ್ಚರವಾದರೆ ಯಾವ ಫ್ಯಾಕ್ಟರ್‌ಗೂ ಅದು ಸೇರುವುದಿಲ್ಲ.

ನಾಗರತ್ನ: ಎರಡೂ ಭಾಷೆಯಲ್ಲಿ ಹಾಕಬಹುದಲ್ಲ. ಜರ್ಮನ್ ವೈದ್ಯರ ಜರ್ನಲ್ ಡಾಯ್ಚೆಸ್ ಏರ್ಟ್ಸೆಬ್ಲಾಟ್ 2008ರಿಂದ ಇಂಗ್ಲಿಷ್ ಆವೃತ್ತಿಯನ್ನೂ ತರುತ್ತಿದೆ.

ಗಿರೀಶ: ಸಣ್ಣ ಜರ್ನಲ್‌ಗಳಿಗೆ ಅನುವಾದದ ಖರ್ಚು ಯಾರು ಕೊಡುತ್ತಾರೆ?

ಸುಧಾ: ಸಾರಾಂಶವಾದರೂ ಇಂಗ್ಲಿಷಿನಲ್ಲಿ ಇರಲಿ. ಪಬ್‌ಮೆಡ್‌ಗೆ (ವೈದ್ಯಕೀಯ ಲೇಖನ ಹುಡುಕುವ ತಾಣ) ಸೇರಿದ ಜರ್ನಲ್ ಆದರೆ ಹುಡುಕಿದವರಿಗೆ ಸಿಗುತ್ತದೆ.

ಗಿರೀಶ: ಬರೀ ಸಾರಾಂಶ ಓದಿ ಸೈಟ್ ಮಾಡುವುದು ತಪ್ಪು ಕಣೇ.

ಸುಧಾ: ತಪ್ಪೇ. ಪೂರ್ತಿ ಓದಲೇಬೇಕು. ಆದರೆ ಅಂಥ ಲೇಖನ ಒಂದಿದೆ ಅಂತ ಗೊತ್ತಾದರೆ ತಾನೇ ಯಾರಾದರೂ ಅದನ್ನು ಅನುವಾದ ಮಾಡಿಸಿಕೊಳ್ಳುವುದು?