ಯಾವ ಪೇಮೆಂಟ್ ಗೇಟ್‌ವೇ ತಗೊಳ್ಳಲಿ? ಪ್ರಶ್ನೋತ್ತರ

ಅಡ್ಮಿನ್: ಚಿಕ್ಕ ವೆಬ್‌ಸೈಟ್‌ನಲ್ಲಿ ಸಾಮಾನು ಮಾರುವವರು ಇಲ್ಲಿ ಕೇಳಬಹುದು. ಗೇಟ್‌ವೇ, ಅಂದರೆ ಗಿರಾಕಿ ಆನ್‌ಲೈನ್‌ನಲ್ಲಿ ಕಟ್ಟಿದ ಹಣವನ್ನು ನಿಮಗೆ ತಲುಪಿಸುವ ಸೇವೆ, ಅದನ್ನು ಜೋಡಿಸಿಕೊಡುವ ಕೆಲಸ ಮಾಡುವ ಮೇಡಂ ಉತ್ತರಿಸುತ್ತಾರೆ.

ಹೊಸ ಅಂಗಡಿ: ನಮಸ್ಕಾರ ಮೇಡಂ. ಎಲ್ಲಕ್ಕಿಂತ ಕಡಿಮೆ ಕಮಿಷನ್ ಯಾವುದರಲ್ಲಿ?

ಮೇಡಂ: ನಮಸ್ಕಾರ. ಶೇಕಡಾ ಲೆಕ್ಕ ಮಾತ್ರ ನೋಡಬೇಡಿ. ಕೆಲವರು ಪ್ರತಿ ಪೇಮೆಂಟಿಗೂ ಒಂದು ನಿಗದಿತ ಮೊತ್ತ ಬೇರೆ ಹಿಡಿಯುತ್ತಾರೆ. ಸಣ್ಣ ಆರ್ಡರ್‌ಗಳೇ ಜಾಸ್ತಿ ಇದ್ದರೆ ಅದು ದುಬಾರಿ. ರೀಫಂಡ್ ಮಾಡಿದಾಗ ಕಮಿಷನ್ ವಾಪಸ್ ಕೊಡುತ್ತಾರಾ, ಚಾರ್ಜ್‌ಬ್ಯಾಕ್ (ಗಿರಾಕಿ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳುವುದು) ಬಂದರೆ ಎಷ್ಟು ಹಿಡಿಯುತ್ತಾರೆ, ಹಣ ಎಷ್ಟು ದಿನಕ್ಕೆ ಖಾತೆಗೆ ಬರುತ್ತದೆ, ಕೇಳಿ.

ತಿಂಗಳ ಬುಟ್ಟಿ: ಪ್ರತಿ ತಿಂಗಳು ತಾನಾಗಿ ಹಣ ಕಟ್ ಆಗುವ ಹಾಗೆ ಮಾಡಬಹುದಾ ಮೇಡಂ?

ಗೊಂಬೆ ಮನೆ: ನನ್ನದೊಂದು ವಿಚಿತ್ರ ತೊಂದರೆ. ಕೆಲವು ಆರ್ಡರ್ ಸೈಟ್‌ನಲ್ಲಿ ‘ಪೇಯ್ಡ್’ ಅಂತಿದೆ. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆ ಹಣವೇ ಇಲ್ಲ. ಸಾಮಾನು ಕಳಿಸಿಯೂ ಆಯ್ತು. ಗೇಟ್‌ವೇ ಬದಲಾಯಿಸಲಾ?

ಮೇಡಂ: ಗಿರಾಕಿ ‘ಧನ್ಯವಾದ’ ಪುಟಕ್ಕೆ ಬಂದ ಕೂಡಲೇ ಆರ್ಡರ್ ಪೇಯ್ಡ್ ಆಗುತ್ತದಾ?

ಗೊಂಬೆ ಮನೆ: ಹೌದು. ಡೆವಲಪರ್ ಹಾಗೇ ಮಾಡಿಕೊಟ್ಟಿದ್ದಾರೆ.

ಮೇಡಂ: ಹಾಗಾದರೆ ಗೇಟ್‌ವೇ ಬದಲಾಯಿಸಿ ಪ್ರಯೋಜನವಿಲ್ಲ. ಆ ಪುಟದ ವಿಳಾಸ ಗೊತ್ತಿದ್ದವರು ಒಂದು ಕಾಸೂ ಕೊಡದೆ ಅದನ್ನು ನೇರವಾಗಿ ತೆರೆಯಬಹುದು. ಉಲ್ಟಾನೂ ಆಗುತ್ತದೆ. ಹಣ ಕಟ್ಟಿದ ತಕ್ಷಣ ನೆಟ್ ಹೋದರೆ ಗಿರಾಕಿ ಆ ಪುಟಕ್ಕೆ ಬರುವುದೇ ಇಲ್ಲ, ಹಣ ಬಂದರೂ ಆರ್ಡರ್ ಬಾಕಿ ಅಂತ ಕೂತಿರುತ್ತದೆ. ನೀವು ನಂಬಬೇಕಾದ್ದು ವೆಬ್‌ಹುಕ್ ಅನ್ನು. ಅಂದರೆ ಗೇಟ್‌ವೇ ಸರ್ವರ್ ನಿಮ್ಮ ಸರ್ವರ್‌ಗೆ ನೇರವಾಗಿ ಕಳಿಸುವ ಸಂದೇಶ. ಅದು ಗೇಟ್‌ವೇಯಿಂದಲೇ ಬಂದದ್ದು ಅಂತ ತೋರಿಸುವ ಸಿಗ್ನೇಚರ್ ಅನ್ನು ನಿಮ್ಮ ಸೀಕ್ರೆಟ್ ಕೀ ಬಳಸಿ ತಾಳೆ ನೋಡಬೇಕು. ಆಮೇಲೆ ಆರ್ಡರ್ ನಂಬರ್, ಮೊತ್ತ, ಕರೆನ್ಸಿ ಮೂರೂ ನಿಮ್ಮ ಡೇಟಾಬೇಸ್ ಜೊತೆ ಹೊಂದಬೇಕು. ಮೊತ್ತ ನೋಡದಿದ್ದರೆ ಚಿಲ್ಲರೆ ಕಾಸು ಕಟ್ಟಿ ದೊಡ್ಡ ಆರ್ಡರ್ ಹೊಡೆಯುವವರಿದ್ದಾರೆ. ಒಂದೇ ವೆಬ್‌ಹುಕ್ ಎರಡು ಸಲ ಬರುವುದೂ ಉಂಟು. ಪೇಮೆಂಟ್ ಐಡಿ ಉಳಿಸಿಕೊಂಡು, ಅದೇ ಮತ್ತೆ ಬಂದರೆ ಬಿಟ್ಟುಬಿಡಿ, ಇಲ್ಲದಿದ್ದರೆ ಪಾರ್ಸೆಲ್ಲೂ ಎರಡು ಸಲ ಹೋಗುತ್ತದೆ. ಇದು ಸರಿಯಾಗುವ ತನಕ ಡ್ಯಾಶ್‌ಬೋರ್ಡ್ ನೋಡದೆ ಏನನ್ನೂ ಕಳಿಸಬೇಡಿ.

ಗೇಟ್‌ವೇ ಆರಿಸುವಾಗಲೂ ನಾನು ಮೊದಲು ನೋಡುವುದು ಇದನ್ನೇ. ವೆಬ್‌ಹುಕ್ ತಲುಪದಿದ್ದರೆ ಮತ್ತೆ ಕಳಿಸುತ್ತಾರಾ? ಅದರ ಲಾಗ್ ನಮಗೆ ಕಾಣುತ್ತದಾ? ಟೆಸ್ಟ್ ಮೋಡ್ ಇದೆಯಾ? ಹಣ ಸಿಕ್ಕಿಹಾಕಿಕೊಂಡಾಗ ಮಾತಾಡಲು ಮನುಷ್ಯರು ಸಿಗುತ್ತಾರಾ? ಕಮಿಷನ್ ಆಮೇಲೆ.

ಸುಲಭ ಸೇಲ್: ಒಂದು ಫಾರ್ವರ್ಡ್ ಬಂದಿತ್ತು. ಕಾರ್ಡ್ ನಂಬರ್, ಸಿವಿವಿ (ಕಾರ್ಡ್ ಮೇಲಿನ ಗುಪ್ತ ಸಂಖ್ಯೆ) ನಮ್ಮ ಫಾರ್ಮ್‌ನಲ್ಲೇ ತಗೊಂಡು ಎಕ್ಸೆಲ್‌ನಲ್ಲಿ ಇಟ್ಟರೆ ಗಿರಾಕಿ ಪ್ರತಿ ಸಲ ಟೈಪ್ ಮಾಡಬೇಕಾಗಿಲ್ಲವಂತೆ.

ಮೇಡಂ: ಬೇಡ. ಪಿಸಿಐ ಡಿಎಸ್‌ಎಸ್ ಎನ್ನುವ ಕಾರ್ಡ್ ಸುರಕ್ಷತೆಯ ನಿಯಮ ಸುಮ್ನೆ ಇಲ್ಲ. ಪೇಮೆಂಟ್ ಮಂಜೂರಾದ ಮೇಲೆ ಅಂಗಡಿಯವರು ಸಿವಿವಿ ಇಟ್ಟುಕೊಳ್ಳುವಂತಿಲ್ಲ, ಎನ್‌ಕ್ರಿಪ್ಟ್ ಮಾಡಿಯೂ ಇಲ್ಲ. ಕಾರ್ಡ್ ನೆನಪಿಡಬೇಕಾದರೆ ಗೇಟ್‌ವೇ ಕೊಡುವ ಟೋಕನ್ ಇದೆ, ಅಂದರೆ ಕಾರ್ಡ್ ನಂಬರ್ ಬದಲಿಗೆ ಬಳಸುವ ಕೋಡ್. ಇಂಥ ಫಾರ್ವರ್ಡ್ ಕಳಿಸುವವರು ಸೈಟ್ ಹ್ಯಾಕ್ ಆದ ದಿನ ಬರುವುದಿಲ್ಲ.

ಫಟಾಫಟ್: ಆದರೆ ಕಾರ್ಡ್ ವಿವರ ಹಾಕಲು ಗೇಟ್‌ವೇ ಪುಟಕ್ಕೆ ಕಳಿಸಿದರೆ ಗಿರಾಕಿ ಓಡಿಹೋಗುತ್ತಾನೆ. ನಮ್ಮ ಪುಟದಲ್ಲೇ ಮುಗಿಯಬೇಕು.

ಹಳೇ ವ್ಯಾಪಾರಿ: ನನ್ನ ಗಿರಾಕಿಗಳು ಓಡಿಲ್ಲ. ಗೊತ್ತಿಲ್ಲದ ಸೈಟ್‌ನಲ್ಲಿ ಕಾರ್ಡ್ ನಂಬರ್ ಹಾಕಲು ಜನ ಹೆದರುತ್ತಾರೆ.

ಫಟಾಫಟ್: ನಿಮ್ಮ ಸೈಟ್ ಓಡುವುದೇ ನಿಧಾನ, ಗಿರಾಕಿ ಹೇಗೆ ಓಡ್ತಾನೆ?

ಹಳೇ ವ್ಯಾಪಾರಿ: ಮೊನ್ನೆ ರೀಫಂಡ್ ಕೊಡಲು ಬರದೆ ಗುಂಪಿನಲ್ಲಿ ಅತ್ತವರು ಯಾರಪ್ಪಾ?

ಮೇಡಂ: ಗೇಟ್‌ವೇಯ ಐಫ್ರೇಮ್, ಅಂದರೆ ಅವರದೇ ಪುಟದ ಚಿಕ್ಕ ಚೌಕಟ್ಟು, ನಿಮ್ಮ ಪುಟದೊಳಗೇ ಕೂರುತ್ತದೆ, ಕಾರ್ಡ್ ನಂಬರ್ ನಿಮ್ಮ ಸರ್ವರ್ ಮುಟ್ಟುವುದಿಲ್ಲ. ಜಗಳ ಮುಗಿಸಿ.

ಮೊದಲ ಆರ್ಡರ್: ಮೇಡಂ, ಕಮಿಷನ್ ಕಡಿಮೆ ಇರೋದು ಯಾವುದು?

ಮೇಡಂ: ಮೇಲೆ ಓದಿ.

ಮೊದಲ ಆರ್ಡರ್: ಓದೋಕೆ ಟೈಮ್ ಇಲ್ಲ, ಹೆಸರು ಹೇಳಿ ಸಾಕು.

ಮೇಡಂ: ನನಗೂ ಟೈಮ್ ಇಲ್ಲ.

ಗೊಂಬೆ ಮನೆ: ಮೇಡಂ, ಡೆವಲಪರ್ ಅಂತಾರೆ, ವೆಬ್‌ಹುಕ್ ಎಲ್ಲ ಬೇಡ, ಧನ್ಯವಾದ ಪುಟಕ್ಕೆ ಯಾರಿಗೂ ಗೊತ್ತಾಗದ ಉದ್ದ ವಿಳಾಸ ಇಟ್ಟರೆ ಸಾಕಂತೆ.

ಮೇಡಂ: ಸಾಲದು. ಹಣ ಕಟ್ಟಿದ ಮೊದಲ ಗಿರಾಕಿಗೇ ಆ ವಿಳಾಸ ಕಾಣುತ್ತದೆ. ಡೆವಲಪರ್ ಅವರನ್ನೇ ಗುಂಪಿಗೆ ಸೇರಿಸಿ, ನಾನು ಮಾತಾಡುತ್ತೇನೆ.

ತಿಂಗಳ ಬುಟ್ಟಿ: ನನ್ನ ಪ್ರಶ್ನೆ ಮೇಲೆ ಹಾಗೇ ಬಿದ್ದಿದೆ, ಯಾರಾದರೂ ನೋಡ್ತೀರಾ?