ಮೊಲದ ಮರಿ ಉಳಿಸಿಕೊಳ್ಳಲು ಸಹಾಯ ಬೇಕು

ನಮಸ್ಕಾರ. ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ದೀಪಾವಳಿ ಕಳೆದ ಮೇಲೆ ನ್ಯೂಜಿಲೆಂಡ್ ವೈಟ್ ತಳಿಯ ಒಂದು ಗಂಡು, ಎರಡು ಹೆಣ್ಣು ಮೊಲ ತಂದು ಹಿತ್ತಿಲಿನಲ್ಲಿ ಸಾಕುತ್ತಿದ್ದೇನೆ. ‘ಹುಲ್ಲು ಹಾಕಿದರೆ ಸಾಕು, ಮರಿ ತಾವಾಗಿಯೇ ಬರುತ್ತವೆ’ ಎಂದಿದ್ದರು ಮಾರಿದವರು. ಬಂದವೇನೋ ಸರಿ, ಉಳಿಯಲಿಲ್ಲ.

ಮೊದಲನೆಯದು ಏಳು ಮರಿ ಹಾಕಿತು. ಬೆಳಿಗ್ಗೆ ನೋಡಿದರೆ ಬೆರಳುದ್ದದ, ಮೈಮೇಲೆ ಕೂದಲೇ ಇಲ್ಲದ ಮರಿಗಳು ತಂತಿ ಜಾಲರಿಯ ಮೇಲೆ ಚೆಲ್ಲಾಪಿಲ್ಲಿಯಾಗಿ ತಣ್ಣಗೆ ಬಿದ್ದಿದ್ದವು. ಗೂಡಿನೊಳಗೆ ಪೆಟ್ಟಿಗೆ ಇಡಬೇಕೆಂದು ತಿಳಿದದ್ದು ಆಮೇಲೆ. ತಪ್ಪು ನನ್ನದೇ.

ಈಗ ಎರಡನೆಯದನ್ನು ಗಂಡಿನ ಜೊತೆ ಬಿಟ್ಟು 24 ದಿನವಾಗಿದೆ. (ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ನಾನು ತಿರುವುಮುರುವು ಮಾಡಿ, ಪಾಪ, ಗಂಡಿನ ಕಿವಿ ಹರಿಯಿತು.) 31 ದಿನಕ್ಕೆ ಈಯುವುದಾದರೆ ಉಳಿದಿರುವುದು ಒಂದೇ ವಾರ. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಪೆಟ್ಟಿಗೆ ಮಾಡಿಸಿದ್ದೇನೆ. 28ನೇ ದಿನ ಇಟ್ಟರೆ ಸಾಕೇ? ಒಳಗೆ ಒಣಹುಲ್ಲು ಹಾಸಲೇ, ತೆಂಗಿನ ನಾರು ಆದೀತೇ? ನಾರು ಮರಿಗಳ ಕಾಲಿಗೆ ಸುತ್ತಿಕೊಂಡೀತೆಂಬ ಭಯ ನನಗೆ. ತಾಯಿ ದಿನಕ್ಕೆ ಒಂದೇ ಸಲ ಹಾಲೂಡುತ್ತದಂತೆ. ಮರಿಗಳ ಹೊಟ್ಟೆ ತುಂಬಿದೆಯೋ ಇಲ್ಲವೋ ಗೊತ್ತುಮಾಡುವುದು ಹೇಗೆ?

ಸಾಕಿ ಅನುಭವವಿರುವವರು ದಯವಿಟ್ಟು ಈ ವಾರದೊಳಗೇ ತಿಳಿಸಿ.