ವಿಚ್ಛೇದನ: ಅವರ ಹೆಸರಿನ ಮನೆ, ಇಬ್ಬರ ಸಹಿಯ ಸಾಲ, ಬಾಕಿ ಬಿಲ್ಲುಗಳು

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ):
ನಾನೂ ನನ್ನ ಯಜಮಾನರೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ. ನಿವೇಶನ ಅವರ ಹೆಸರಿನಲ್ಲಿದೆ. ಅದನ್ನು ಕೊಳ್ಳುವಾಗ ತವರಿನವರು ಹಾಕಿದ್ದ ನನ್ನ ಬಂಗಾರವನ್ನು ಮಾರಿದ್ದೆವು. ಗೃಹಸಾಲಕ್ಕೆ ಇಬ್ಬರೂ ಸಹಿ ಮಾಡಿದ್ದೇವೆ. ಕಂತು ಅವರ ಸಂಬಳದಿಂದ ಹೋಗುತ್ತಿತ್ತು; ದಿನಸಿ, ಕರೆಂಟ್ ಬಿಲ್ಲು, ಮಗಳ ಶಾಲಾ ಶುಲ್ಕ ನನ್ನ ಸಂಬಳದಿಂದ. ಈಗ ಕಂತು ಕಟ್ಟಿದವನು ನಾನು, ಮನೆ ನನ್ನದೇ ಎನ್ನುತ್ತಾರೆ. ನಾನು ತವರಿಗೆ ಬಂದ ನಂತರದ ಬೆಸ್ಕಾಂ ಬಾಕಿ ಮತ್ತು ಮನೆ ಕಂದಾಯದಲ್ಲಿ ಮಾತ್ರ ಅರ್ಧ ಕೊಡಬೇಕಂತೆ. ಮನೆಯಲ್ಲಿ ಅರ್ಧ ಪಾಲು ಕೇಳಲು ನನಗೆ ಹಕ್ಕಿಲ್ಲವೇ?

ಉತ್ತರ (ವಕೀಲ, ದಾವಣಗೆರೆ):
ಸಹೋದರಿ, ದಂಪತಿ ಗಳಿಸಿದ್ದನ್ನೆಲ್ಲ ಒಟ್ಟುಗೂಡಿಸಿ ಅರ್ಧರ್ಧ ಹಂಚುವ ಕಾನೂನು ನಮ್ಮಲ್ಲಿಲ್ಲ. ಪತ್ರ ಯಾರ ಹೆಸರಿನಲ್ಲಿದೆಯೋ ಮೇಲ್ನೋಟಕ್ಕೆ ಅವರೇ ಮಾಲೀಕರು. ಹಿಂದೂ ವಿವಾಹ ಅಧಿನಿಯಮ, 1955ರ 27ನೇ ಕಲಂ ಕೂಡ ಮದುವೆಯ ಹೊತ್ತಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಸ್ವತ್ತಿನ ಮಾತನ್ನಷ್ಟೇ ಆಡುತ್ತದೆ. ಬಂಗಾರದ ವಿಚಾರ ಬೇರೆ. ಅದು ಸ್ತ್ರೀಧನ, ಅಂದರೆ ಹೆಣ್ಣಿನ ಸ್ವಂತ ಸ್ವತ್ತು, ಜಂಟಿ ಆಸ್ತಿಯಲ್ಲ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿಯೇ ಹೇಳಿದೆ. ಆ ಹಣವೇ ನಿವೇಶನಕ್ಕೆ ಹೋಯಿತೆಂದು ತೋರಿಸುವ ಕಾಗದ ಹುಡುಕಿರಿ. ದಿನಸಿಗೆ ಕೊಟ್ಟ ಹಣದ ಚೀಟಿಯನ್ನು ಯಾರೂ ಇಟ್ಟಿರುವುದಿಲ್ಲ, ಇದು ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ನಿಮ್ಮ ಸಂಬಳದಲ್ಲಿ ಸಂಸಾರ ನಡೆದದ್ದರಿಂದಲೇ ಅವರ ಸಂಬಳ ಕಂತಿಗೆ ಉಳಿಯಿತೆಂಬುದನ್ನು, ಅದೇ ಅಧಿನಿಯಮದ 25ನೇ ಕಲಮಿನ ಶಾಶ್ವತ ಜೀವನಾಂಶದ ಮೊತ್ತ ಮಾತಾಡುವಾಗ ಬಿಡದೆ ಎತ್ತಿರಿ.

ಉತ್ತರ (ನಿವೃತ್ತ ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ):
ಸಾಲದ ವಿಷಯ ಇನ್ನೂ ಯಾರೂ ಹೇಳಲಿಲ್ಲ. ನೀವಿಬ್ಬರು ಬರೆದುಕೊಂಡ ಒಪ್ಪಂದಕ್ಕೆ ಬ್ಯಾಂಕು ಬದ್ಧವಲ್ಲ. ಸಾಲಪತ್ರದಲ್ಲಿ ನಿಮ್ಮ ಸಹಿ ಇರುವವರೆಗೆ, ವಿಚ್ಛೇದನವಾಗಿ ವರ್ಷಗಳಾಗಿದ್ದರೂ, ಅವರು ಕಂತು ತಪ್ಪಿಸಿದರೆ ನೋಟಿಸು ನಿಮಗೂ ಬರುತ್ತದೆ, ನಿಮ್ಮ ಸಿಬಿಲ್ ಅಂಕವೂ ಇಳಿಯುತ್ತದೆ. ಅವರು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಂಡು, ನಿಮ್ಮನ್ನು ಹೊಣೆಯಿಂದ ಬಿಡಿಸಿದ ಪತ್ರವನ್ನು ಬ್ಯಾಂಕಿನಿಂದ ತಂದುಕೊಡುವವರೆಗೆ ವಿಚ್ಛೇದನಕ್ಕಾಗಿ ಕೋರ್ಟಿಗೆ ಕೊಡುವ ಕೊನೆಯ ಹೇಳಿಕೆಗೆ ಸಹಿ ಹಾಕಬೇಡಿ. ಕರೆಂಟ್ ಬಾಕಿ ಆ ಮನೆಯ ಆರ್.ಆರ್. ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆಯ) ಮೇಲೆ, ಕಂದಾಯ ಪಾಲಿಕೆಯ ಖಾತೆಯ ಮೇಲೆ ನಿಲ್ಲುತ್ತದೆ. ನೀವು ಮನೆ ಬಿಟ್ಟ ದಿನಾಂಕವನ್ನು ಒಪ್ಪಂದದಲ್ಲಿ ನಮೂದಿಸಿ, ನಂತರದ್ದು ಅವರದೆಂದು ಬರೆಸಿರಿ. ಗ್ಯಾಸ್ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಂಗಾರದಂಗಡಿಯವರು ಕೊಟ್ಟ ಚೀಟಿ ಇದೆ, ಆದರೆ ನಿವೇಶನದವರಿಗೆ ನಗದು ಕೊಟ್ಟಿದ್ದೆವು.

ವಕೀಲ:
ಚೀಟಿಯ ದಿನಾಂಕವನ್ನೂ ಕ್ರಯಪತ್ರದ ದಿನಾಂಕವನ್ನೂ ಹೋಲಿಸಿ ನೋಡಿರಿ. ಹತ್ತಿರವಿದ್ದರೆ ಅದೂ ಒಂದು ಸಾಕ್ಷ್ಯ. ಮಾತುಕತೆ ಇನ್ನೂ ಕೆಟ್ಟಿಲ್ಲವಾದ್ದರಿಂದ, ಬಂಗಾರ ಮಾರಿದ ಹಣ ನಿವೇಶನಕ್ಕೆ ಹೋಯಿತೆಂಬ ಒಂದು ಸಾಲನ್ನು ಒಪ್ಪಂದದ ಕರಡಿನಲ್ಲಿಯೇ ಅವರಿಂದ ಒಪ್ಪಿಸಿಕೊಳ್ಳಿರಿ.